ಬ್ರೇಕ್ ಕಿರುಗುಟ್ಟುತ್ತಿದೆಯೇ? ಎಣ್ಣೆ ಬಿಟ್ಟರೆ ಶಬ್ದ ನಿಲ್ಲಬಹುದು, ಕಾರು ನಿಲ್ಲುವುದಿಲ್ಲ

‘ಹಳೆ ಕಾರಿನ ಬ್ರೇಕ್ ಕೀಂಯ್ ಅನ್ನುತ್ತಿದೆಯಾ? ಚಕ್ರದ ಒಳಗೆ ನಾಲ್ಕು ಹನಿ ಎಣ್ಣೆ ಬಿಡಿ, ಮೆಕ್ಯಾನಿಕ್‌ಗೆ ಕೊಡುವ ದುಡ್ಡು ಉಳಿಸಿ.’ ಈ ಧಾಟಿಯ ಫಾರ್ವರ್ಡ್ ಒಂದನ್ನು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆಯ ಓದುಗರೊಬ್ಬರು ನಮಗೆ ಕಳುಹಿಸಿ, ಇದು ನಿಜವೇ ಎಂದು ಕೇಳಿದ್ದಾರೆ. ತೆಂಗಿನ ಸೀಮೆಯಲ್ಲಿ ಎಣ್ಣೆಗೇನೂ ಬರವಿಲ್ಲ, ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಯಾವ ಎಣ್ಣೆಯನ್ನೂ ಬಿಡಬೇಡಿ. ಕೊಬ್ಬರಿ ಎಣ್ಣೆ, ಎಂಜಿನ್ ಆಯಿಲ್, ತುಕ್ಕು ಬಿಡಿಸುವ ಸ್ಪ್ರೇ, ಯಾವುದೂ ಬೇಡ.

ಬ್ರೇಕ್ ಕೆಲಸ ಮಾಡುವುದೇ ಘರ್ಷಣೆಯಿಂದ. ನೀವು ಪೆಡಲ್ ಒತ್ತಿದಾಗ ಎರಡು ಪ್ಯಾಡ್‌ಗಳು ತಿರುಗುವ ಲೋಹದ ಡಿಸ್ಕನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತವೆ. ನಡುವೆ ಎಣ್ಣೆ ಹೋದರೆ ಹಿಡಿತ ಜಾರುತ್ತದೆ. ಪ್ಯಾಡ್‌ನಲ್ಲಿ ಸಣ್ಣ ರಂಧ್ರಗಳಿರುವುದರಿಂದ ಎಣ್ಣೆಯನ್ನು ಹೀರಿಕೊಳ್ಳುತ್ತದೆ, ಆಮೇಲೆ ಒರೆಸಿದರೆ ಹೋಗುವುದಿಲ್ಲ, ಪ್ಯಾಡನ್ನೇ ಬದಲಿಸಬೇಕು. ಒಂದೇ ಚಕ್ರಕ್ಕೆ ಎಣ್ಣೆ ಬಿಟ್ಟಿದ್ದರೆ ಅಪಾಯ ಇನ್ನೂ ಹೆಚ್ಚು: ಜೋರಾಗಿ ಬ್ರೇಕ್ ಹಾಕಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ.

ಈ ಗೊಂದಲಕ್ಕೆ ನಮ್ಮ ಆಡುಮಾತೂ ಸ್ವಲ್ಪ ಕಾರಣ ಎಂದು ನಮಗನ್ನಿಸುತ್ತದೆ. ಬಾನೆಟ್ ಕೆಳಗಿನ ಪುಟ್ಟ ಡಬ್ಬಿಯಲ್ಲಿರುವುದನ್ನು ಎಲ್ಲರೂ ‘ಬ್ರೇಕ್ ಆಯಿಲ್’ ಎನ್ನುತ್ತೇವೆ. ಸಾಮಾನ್ಯವಾಗಿ ಅದು ಗ್ಲೈಕಾಲ್ ಆಧಾರಿತ ದ್ರವ, ಎಣ್ಣೆಯೇ ಅಲ್ಲ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದಿರುತ್ತದೆ, ಅದನ್ನೇ ಹಾಕಬೇಕು. ಅದರ ಬದಲು ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ, ಬ್ರೇಕ್ ಪೂರ್ತಿ ಕೈಕೊಡಬಹುದು.

ಹಾಗಾದರೆ ಶಬ್ದ ಎಲ್ಲಿಂದ ಬರುತ್ತದೆ? ಪಿಟೀಲಿನ ಕಮಾನು ತಂತಿಯನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಾದ ಹೊರಡಿಸುವುದನ್ನು ನೆನಪಿಸಿಕೊಳ್ಳಿ. ಪ್ಯಾಡ್ ಕೂಡ ಡಿಸ್ಕನ್ನು ಸೆಕೆಂಡಿಗೆ ಸಾವಿರಾರು ಸಲ ಹಾಗೆ ಹಿಡಿದು ಜಾರಿದಾಗ ಲೋಹ ಕಂಪಿಸಿ ಕೂಗುತ್ತದೆ. ಇದು ಹೊಸ ಸಮಸ್ಯೆಯೂ ಅಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕ್‌ಗೆ ಪೇಟೆಂಟ್ ಪಡೆದಾಗ ಅದರ ತಾಮ್ರದ ಪ್ಯಾಡ್‌ಗಳು ಕಿವಿ ಹರಿಯುವಂತೆ ಕಿರುಚುತ್ತಿದ್ದವು. ಹರ್ಬರ್ಟ್ ಫ್ರೂಡ್ ಎಂಬಾತ ಪ್ಯಾಡ್‌ಗೆ ಕಲ್ನಾರಿನ ಪದರ ಕೊಟ್ಟ ಮೇಲೆ ಸದ್ದು ತಗ್ಗಿತು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕ ಎಂಬುದು ಜಗತ್ತಿಗೆ ಮನವರಿಕೆಯಾಗಿದ್ದು ಬಹಳ ತಡವಾಗಿ. ಹಳೆ ಕಾರಿನ ಬ್ರೇಕ್ ಬಿಚ್ಚಿದಾಗ ಧೂಳನ್ನು ಬಾಯಿಂದ ಊದಬಾರದು, ಗಾಳಿ ಪೈಪ್ ಹಿಡಿಯಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು ಎನ್ನುವುದು ಇದಕ್ಕೇ.

ಈಗ ಮುಖ್ಯ ವಿಷಯ. ಎಲ್ಲ ಶಬ್ದವೂ ಒಂದೇ ಅಲ್ಲ, ಅದು ಯಾವಾಗ ಬರುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಹಳ್ಳಿಯಲ್ಲಿ ಎಷ್ಟೋ ಕಾರುಗಳು ವಾರವಿಡೀ ಮನೆ ಮುಂದೆ ನಿಂತಿದ್ದು, ತುಮಕೂರಿನ ಆಸ್ಪತ್ರೆಗೋ ಮದುವೆಗೋ ಹೊರಡುವಾಗ ಮಾತ್ರ ಕದಲುತ್ತವೆ. ಮಳೆ ಬಿದ್ದು ನಿಂತ ಕಾರಿನ ಡಿಸ್ಕ್ ಮೇಲೆ ಒಂದೇ ರಾತ್ರಿಯಲ್ಲಿ ತೆಳುವಾಗಿ ತುಕ್ಕು ಹಿಡಿಯುತ್ತದೆ. ಬೆಳಿಗ್ಗೆ ನಾಲ್ಕೈದು ಸಲ ಬ್ರೇಕ್ ಹಾಕುವಷ್ಟರಲ್ಲಿ ಸದ್ದು ನಿಂತರೆ ಅದು ಈ ತುಕ್ಕೇ, ತಲೆ ಕೆಡಿಸಿಕೊಳ್ಳಬೇಕಿಲ್ಲ.

ದಿನವಿಡೀ, ಮೆಲ್ಲಗೆ ಒತ್ತಿದರೂ ತೆಳ್ಳನೆಯ ಕೀರಲು ಸದ್ದು ಬರುತ್ತಿದ್ದರೆ ಪ್ಯಾಡ್ ಸವೆದಿರುವ ಸಾಧ್ಯತೆ ಹೆಚ್ಚು. ಅನೇಕ ಪ್ಯಾಡ್‌ಗಳಲ್ಲಿ ಒಂದು ಸಣ್ಣ ಲೋಹದ ನಾಲಿಗೆಯನ್ನು ಬೇಕೆಂದೇ ಇಟ್ಟಿರುತ್ತಾರೆ. ಪ್ಯಾಡ್ ಸುಮಾರು 2–3 ಮಿಲಿಮೀಟರ್‌ಗೆ ಇಳಿದಾಗ ಅದು ಡಿಸ್ಕ್‌ಗೆ ತಾಗಿ ಕೂಗುತ್ತದೆ. ಅಂದರೆ ಫಾರ್ವರ್ಡ್ ಹೇಳುವಂತೆ ಎಣ್ಣೆ ಬಿಟ್ಟು ನೀವು ಬಾಯಿ ಮುಚ್ಚಿಸುತ್ತಿರುವುದು ಎಚ್ಚರಿಕೆ ಗಂಟೆಯನ್ನು. ಅದನ್ನೂ ಕಡೆಗಣಿಸಿದರೆ ಕೀರಲು ಹೋಗಿ ‘ಗರಗರ’ ಶುರುವಾಗುತ್ತದೆ. ಪ್ಯಾಡ್ ಮುಗಿದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದದು. ಆ ಕಾರನ್ನು ಓಡಿಸಬೇಡಿ, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ. ಡಿಸ್ಕ್ ಮತ್ತು ಅದರ ತಗಡಿನ ರಕ್ಷಾಕವಚದ ನಡುವೆ ಜಲ್ಲಿಯ ಚೂರು ಸಿಕ್ಕಿಕೊಂಡರೂ ಇಂಥದ್ದೇ ಸದ್ದು ಬರುವುದುಂಟು. ಆದರೆ ಜಲ್ಲಿಯೇ ಇರಬೇಕು ಎಂದುಕೊಂಡು ಹೊರಡುವುದು ಬೇಡ, ನೋಡಿಯೇ ತಿಳಿಯಬೇಕು.

ದೇವರಾಯನದುರ್ಗದಂಥ ಬೆಟ್ಟದಿಂದ ಇಳಿಯುವಾಗ ಉದ್ದಕ್ಕೂ ಬ್ರೇಕ್ ಮೇಲೇ ಕಾಲಿಟ್ಟಿದ್ದರೆ ಪ್ಯಾಡ್‌ನ ಮೈ ಕಾದು ಗಾಜಿನಂತೆ ನುಣುಪಾಗುತ್ತದೆ, ಸುಟ್ಟ ವಾಸನೆಯೂ ಬರುತ್ತದೆ. ಆಮೇಲೆ ಕಿರುಗುಟ್ಟುತ್ತದೆ. ಕಾದ ಡಿಸ್ಕ್‌ಗೆ ನೀರು ಸುರಿಯಬೇಡಿ, ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಇಳಿಜಾರಿನಲ್ಲಿ ಸೆಕೆಂಡ್ ಗೇರ್‌ನಲ್ಲಿದ್ದರೆ ಅರ್ಧ ಕೆಲಸವನ್ನು ಎಂಜಿನ್ನೇ ಮಾಡುತ್ತದೆ.

ಬ್ರೇಕ್ ಒತ್ತದಿದ್ದಾಗಲೂ ಸದ್ದು ಬರುತ್ತಿದ್ದು, ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗುತ್ತಿದ್ದರೆ ಕ್ಯಾಲಿಪರ್ ಜಾಮ್ ಆಗಿರಬಹುದು. ಹಳೆ ಕಾರುಗಳಲ್ಲಿ ಇದು ಸಾಮಾನ್ಯ. ಕ್ಯಾಲಿಪರ್ ಸರಿದಾಡುವ ಪಿನ್ನುಗಳ ಗ್ರೀಸ್ ಒಣಗಿ ಧೂಳು ಕೂತು ಪ್ಯಾಡ್ ಹಿಂದಕ್ಕೆ ಬರುವುದೇ ಇಲ್ಲ. ಪಿನ್ನುಗಳನ್ನು ತೊಳೆದು ಬಿಸಿ ತಡೆಯುವ ಬ್ರೇಕ್ ಗ್ರೀಸ್ ಹಚ್ಚಿದರೆ ಸರಿಹೋಗುತ್ತದೆ. ಫಾರ್ವರ್ಡ್‌ನಲ್ಲಿರುವ ಸತ್ಯದ ಎಳೆ ಬಹುಶಃ ಇಷ್ಟೇ: ಬ್ರೇಕ್‌ನಲ್ಲಿ ಗ್ರೀಸ್ ಹಚ್ಚುವ ಜಾಗಗಳಿವೆ, ಆದರೆ ಅವು ಪಿನ್ನು ಮತ್ತು ಪ್ಯಾಡ್‌ನ ಬೆನ್ನು, ಉಜ್ಜುವ ಮೈ ಎಂದೂ ಅಲ್ಲ.

ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ ಥರದ ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಡಿಸ್ಕ್ ಇರುವುದಿಲ್ಲ, ಡ್ರಮ್ ಇರುತ್ತದೆ. ಸದ್ದು ಹಿಂದಿನಿಂದ ಬಂದರೆ ಡ್ರಮ್ ಬಿಚ್ಚಿ ಧೂಳು ತೆಗೆದು ಲೈನರ್ ನೋಡಬೇಕು. ಇದು ಮೆಕ್ಯಾನಿಕ್ ಕೆಲಸ.

ಮುಂದಿನ ಪ್ಯಾಡನ್ನು ಮಾತ್ರ ನೀವೇ ನೋಡಬಹುದು. ಸಮತಟ್ಟಾದ ಕಡೆ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಎಂಜಿನ್ ಆಫ್ ಮಾಡಿ. ಚಕ್ರದ ಹಿಂದಿನಿಂದ ಫೋನಿನ ಟಾರ್ಚ್ ಬಿಟ್ಟರೆ ಡಿಸ್ಕ್‌ಗೆ ಒತ್ತಿಕೊಂಡಿರುವ ಪ್ಯಾಡ್ ಕಾಣುತ್ತದೆ. ಹೊಸದಾಗಿ ಸುಮಾರು 10 ಮಿಲಿಮೀಟರ್ ಇದ್ದದ್ದು 3ಕ್ಕೆ ಇಳಿದಿದ್ದರೆ ಬದಲಿಸಿ, ಎಡ ಬಲ ಎರಡೂ ಕಡೆ ಒಟ್ಟಿಗೆ. ಬ್ರೇಕ್ ದ್ರವ ಕಡಿಮೆಯಾಗಿದ್ದರೆ ಸುಮ್ಮನೆ ತುಂಬಿಸಿ ಮರೆಯಬೇಡಿ: ಪ್ಯಾಡ್ ಸವೆದಂತೆ ಅದರ ಮಟ್ಟ ಇಳಿಯುತ್ತದೆ, ಸೋರಿಕೆಯೂ ಇರಬಹುದು.

ಪ್ಯಾಡ್ ನುಣುಪಾಗಿದ್ದು ದಪ್ಪ ಇನ್ನೂ ಉಳಿದಿದ್ದರೆ ಮೆಕ್ಯಾನಿಕ್ ಸ್ಯಾಂಡ್ ಪೇಪರ್‌ನಿಂದ ಉಜ್ಜಿ ಕೊಡುತ್ತಾರೆ, ಅದರಲ್ಲಿ ತಪ್ಪಿಲ್ಲ. ಡಿಸ್ಕ್‌ನಲ್ಲಿ ಗೀರು ಬಿದ್ದಿದ್ದರೆ ಲೇತ್‌ಗೆ ಕೊಡುತ್ತಾರೆ. ಆಗ ಒಂದು ಮಾತು ಕೇಳಿ: ಉಳಿದ ದಪ್ಪ ಎಷ್ಟು? ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೆತ್ತಿರುತ್ತಾರೆ. ಅದಕ್ಕಿಂತ ತೆಳುವಾದರೆ ಹೊಸದೇ ಬೇಕು.

ಹೊಸ ಪ್ಯಾಡ್ ಹಾಕಿದ ಮೇಲೂ ಕೆಲವು ದಿನ ಸದ್ದು ಬಂದರೆ ‘ಡೂಪ್ಲಿಕೇಟ್ ಮಾಲು’ ಎಂದು ಅಂಗಡಿಯವರ ಮೇಲೆ ತಕ್ಷಣ ಹರಿಹಾಯಬೇಡಿ. ಅದು ಡಿಸ್ಕ್‌ಗೆ ಹೊಂದಿಕೊಳ್ಳಬೇಕು. ಕಾರು ಕದಲಿಸುವ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ, ಇಲ್ಲದಿದ್ದರೆ ಮೊದಲ ಬ್ರೇಕ್ ಸೀದಾ ನೆಲಕ್ಕೆ ಹೋಗಬಹುದು. ನಂತರ ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಇಳಿಸಿ. ಮಧ್ಯೆ ಮಧ್ಯೆ ತಣಿಯಲು ಬಿಡಿ. ಮೊದಲ 200–300 ಕಿ.ಮೀ. ಅನಗತ್ಯವಾಗಿ ಗಕ್ಕನೆ ಬ್ರೇಕ್ ಹಾಕದಿದ್ದರೆ ಸಾಕು.