ಯಾವ ಬಾಬ್ತು?

ಸೊಸೈಟಿಯ ಗುಮಾಸ್ತರು, ದೇವಸ್ಥಾನದಲ್ಲಿ ರಸೀದಿ ಬರೆಯುವವರು ದುಡ್ಡು ಕೈಗೆ ತೆಗೆದುಕೊಳ್ಳುವ ಮೊದಲು 'ಯಾವ ಬಾಬ್ತು?' ಎಂದು ಕೇಳುತ್ತಾರೆ. ಎಷ್ಟು ಎನ್ನುವುದು ಆಮೇಲಿನ ಮಾತು. ಯಾತರದ್ದು ಎಂದು ಗೊತ್ತಾದರೆ ಮಾತ್ರ ಪುಸ್ತಕದಲ್ಲಿ ಅದಕ್ಕೊಂದು ಜಾಗ. ಮನೆಯ ಲೆಕ್ಕಕ್ಕೆ ಆಯವ್ಯಯ, ಮುಂಗಡಪತ್ರ ಎಂಬ ದೊಡ್ಡ ಮಾತುಗಳಿವೆ, ಬಜೆಟ್ ಅಂತೂ ಎಲ್ಲರ ಬಾಯಲ್ಲಿದೆ. ನನಗೆ ಮಾತ್ರ ಬಾಬ್ತೇ ಹೆಚ್ಚು ದುಡಿಯುವ ಪದ.

ಜಮಾ, ಖರ್ಚು, ಬಾಕಿ, ವಸೂಲಿಗಳಂತೆ ಇದೂ ಅರಬ್ಬಿ-ಪಾರಸಿ ಕಡೆಯಿಂದ ದಫ್ತರಗಳ ದಾರಿ ಹಿಡಿದು ಕನ್ನಡಕ್ಕೆ ಬಂದದ್ದು. ವಿಷಯ, ಸಂಬಂಧ ಎಂಬುದು ಇದರ ಒಂದು ಅರ್ಥ. ಇನ್ನೊಂದು ಬೇಕಿದ್ದರೆ ಹಳೆಯ ಕ್ರಯಪತ್ರದ ಚೆಕ್ಕುಬಂದಿ ನೋಡಬೇಕು: 'ಪೂರ್ವಕ್ಕೆ ಇಂಥವರ ಬಾಬ್ತು ಜಮೀನು' ಎಂದಿರುತ್ತದೆ. ಅಲ್ಲಿ ಬಾಬ್ತು ಎಂದರೆ ಒಡೆತನ. ಮನೆಯ ಬಜೆಟ್ ನಿಲ್ಲುವುದು ಈ ಎರಡು ಅರ್ಥ ಕೂಡಿಕೊಂಡಾಗ ಎಂದು ನಾನು ನಂಬಿದ್ದೇನೆ. 3,000 ರೂಪಾಯಿಯನ್ನು ಹಾಲಿನ ಬಾಬ್ತು ಎಂದು ಬರೆದ ಮೇಲೆ ಅದು ಹಾಲಿನದು. ನಮ್ಮ ಜೇಬಿನಲ್ಲೇ ಇದ್ದರೂ ನಮ್ಮದಲ್ಲ.

ಅರಸೀಕೆರೆಯ ನಮ್ಮ ದೊಡ್ಡಮ್ಮನ ಲೆಕ್ಕದ ಪುಸ್ತಕ ಈಗಲೂ ಮನೆಯಲ್ಲಿದೆ. ಉದ್ದನೆಯ ನೋಟ್‌ಬುಕ್, ಪ್ರತಿ ತಿಂಗಳಿಗೆ ಎರಡು ಪುಟ. ನೆತ್ತಿಯಲ್ಲಿ ಬಾಡಿಗೆ, ಹಾಲು, ದಿನಸಿ, ಸ್ಕೂಲು, ಆಸ್ಪತ್ರೆ, ಹಬ್ಬ. ಸಂಬಳ ಬಂದ ಸಂಜೆಯೇ ಒಂದೊಂದರ ಕೆಳಗೂ ಮೊತ್ತ ಬೀಳುತ್ತಿತ್ತು, ಖರ್ಚಾದ ಹಾಗೆ ಕಳೆಯುತ್ತ ಹೋಗುತ್ತಿದ್ದರು. ಅಲ್ಲಲ್ಲಿ ಪೆನ್ಸಿಲಿನಲ್ಲಿ 'ಹಬ್ಬದಿಂದ ದಿನಸಿಗೆ 30 ಕೈಗಡ' ಎಂಬಂಥ ಸಾಲುಗಳಿವೆ. ಮುಂದಿನ ತಿಂಗಳು ಅದು ತೀರಿದ ಗುರುತಾಗಿ ಅಡ್ಡಗೆರೆ. ಎರಡೂ ತಮ್ಮದೇ ದುಡ್ಡು, ಆದರೂ ಒಂದು ಬಾಬ್ತು ಇನ್ನೊಂದಕ್ಕೆ ಸಾಲಗಾರನಾಗಿತ್ತು. ಆ ಪೆನ್ಸಿಲ್ ಸಾಲುಗಳನ್ನು ಎಷ್ಟು ಸಲ ಓದಿದರೂ ಅವರ ಮೇಲಿನ ಗೌರವ ಹೆಚ್ಚುತ್ತದೆ.

ಅವರ ಪುಸ್ತಕದಲ್ಲಿ 'ಇತರೆ' ಎಂಬ ಕಲಮು ಇಲ್ಲ. ನಮ್ಮ ಕಾಲದ ಎಷ್ಟೋ ಬಜೆಟ್‌ಗಳು ಸೋರುವುದೇ ಅಲ್ಲಿ. ಟೀ, ಆಟೊ, ಆನ್‌ಲೈನ್ ಊಟ, ಯಾರದೋ ಹುಟ್ಟುಹಬ್ಬದ ಚಂದಾ, ಎಲ್ಲವೂ ಇತರೆ. 2016ರಲ್ಲಿ ಯುಪಿಐ ಬಂದ ಮೇಲೆ ಕೊಡುವುದು ಬೆರಳ ತುದಿಯ ಕೆಲಸವಾಯಿತು. ಫೋನು ಮೊತ್ತ ಕೇಳುತ್ತದೆ, ಪಿನ್ ಕೇಳುತ್ತದೆ, ಬಾಬ್ತು ಮಾತ್ರ ಕೇಳುವುದಿಲ್ಲ. ತಿಂಗಳ ಕೊನೆಗೆ ಸ್ಟೇಟ್‌ಮೆಂಟ್ ತೆರೆದು ಹುಡುಕುವುದು ಲೆಕ್ಕ ಒಪ್ಪಿಸಿದಂತಾಯಿತೇ ಹೊರತು ಬಜೆಟ್ ಆಗಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯೂ ಒಟ್ಟು ಮಿತಿಯನ್ನಷ್ಟೇ ಹೇಳುತ್ತದೆ, ಒಳಗಿನ ಪಾಲುಪಟ್ಟಿಯನ್ನು ಹೇಳುವುದಿಲ್ಲ.

ವರ್ಷಕ್ಕೊಮ್ಮೆ ಬರುವ ಸ್ಕೂಲ್ ಫೀಸು, ಗಾಡಿಯ ವಿಮೆ, ಗೌರಿ-ಗಣೇಶಗಳಿಗೂ ತಿಂಗಳ ಬಾಬ್ತು ಬೇಕು. 18,000 ಆಗುವ ಕಡೆ ತಿಂಗಳಿಗೆ 1,500.

ಬರೆದದ್ದನ್ನು ತಿದ್ದಬಾರದೆಂದೇನೂ ಇಲ್ಲ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು. ದಿನಕ್ಕೆ ಎರಡು ಲೀಟರ್ ತರುವ ಮನೆಗೆ ತಿಂಗಳಿಗೆ 240 ಹೆಚ್ಚು. ಆ 240 ಎಲ್ಲಿಂದ ಬರಬೇಕೆಂದು ಕೂತು ಮಾತಾಡಿ, ಭಾನುವಾರದ ಹೋಟೆಲಿನಿಂದಲೋ ಡೇಟಾ ಪ್ಯಾಕಿನಿಂದಲೋ ಕಡಿದು ಹಾಲಿಗೆ ಸೇರಿಸಿದ ಮನೆಯಲ್ಲಿ ಬಜೆಟ್ ಬದುಕಿದೆ. ಹೇಗೋ ಆಗುತ್ತೆ ಎಂದ ಮನೆಯಲ್ಲಿ ಅದು ಇತರೆಯೊಳಗೆ ಸೇರಿಹೋಯಿತು.

ಹೀಗೆ ಕೂತು ಮಾತಾಡುವಾಗ ಒಡೆತನದ ಅರ್ಥ ಮತ್ತೆ ಎದುರಾಗುತ್ತದೆ. 2023ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆ ಶುರುವಾದಾಗ ತಿಂಗಳಿಗೆ 2,000 ರೂಪಾಯಿ ಮನೆಯ ಯಜಮಾನಿಯ ಹೆಸರಿಗೇ ಬರುವ ಏರ್ಪಾಡಾಯಿತು. ಅದನ್ನು ಸಂಬಳದೊಂದಿಗೆ ಕೂಡಿಸಿ ದಿನಸಿಗೆ ಬರೆದುಬಿಡುವ ಗಂಡಂದಿರಿದ್ದಾರೆ, ಆಕೆಯ ಬಾಬ್ತು ಎಂದು ಬೇರೆಯೇ ಕಲಮು ಎಳೆಯುವವರೂ ಇದ್ದಾರೆ. ಎರಡನೆಯ ಮನೆಗಳಲ್ಲಿ ಆ ಕಲಮಿನ ಕೆಳಗೆ ಹೊಲಿಗೆ ಯಂತ್ರವೋ ಮಗಳ ಕಾಲೇಜು ಫೀಸೋ ಏನು ಬರೆಯಬೇಕೆಂದು ಹೇಳುವವಳು ಆಕೆ. ಪುಸ್ತಕವೂ ಹೆಚ್ಚಾಗಿ ಆಕೆಯ ಕೈಯಲ್ಲೇ ಇರುತ್ತದೆ.