ಬಿಸಿಲ ಸೀಮೆಯವರು ಮತ್ತು ಹಿಮದ ದಾರಿ

ಆಳಂದ, ಅಫಜಲಪುರ, ಜೇವರ್ಗಿಗಳ ನಮ್ಮ ಸೀಮೆಯಲ್ಲಿ ಹಿಮವೆಂದರೆ ಕ್ಯಾಲೆಂಡರಿನ ಚಿತ್ರ. ಬೇಸಿಗೆಯಲ್ಲಿ 43 ಡಿಗ್ರಿ ದಾಟುವ ಎರೆ ನೆಲದ ನಮಗೆ ಹಿಮಕುಸಿತದ ಇತಿಹಾಸ ಏಕೆ ಬೇಕು? 2016ರ ಫೆಬ್ರವರಿಯವರೆಗೆ ನಾವೂ ಹೀಗೆಯೇ ಕೇಳುತ್ತಿದ್ದೆವು.

ಆ ತಿಂಗಳ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಯೋಧರು ಹೂತುಹೋದರು. ಅವರಲ್ಲಿ ಧಾರವಾಡ, ಹಾಸನ, ಮೈಸೂರು ಜಿಲ್ಲೆಗಳ ಮೂವರು ಕನ್ನಡಿಗರಿದ್ದರು. ಕುಂದಗೋಳ ತಾಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 8ರಂದು ಇಪ್ಪತ್ತೈದು ಅಡಿ ಆಳದಿಂದ ಜೀವಂತವಾಗಿ ಹೊರಬಂದರು. ನಾಡಿನ ಗುಡಿ, ಮಸೀದಿ, ಚರ್ಚುಗಳಲ್ಲಿ ಪ್ರಾರ್ಥನೆ, ದುಆ ನಡೆದವು. 11ರಂದು ಅವರು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ನಾಲ್ಕು ವರ್ಷ ಮೊದಲು, 2012ರ ಏಪ್ರಿಲ್ 7ರಂದು, ಆಚೆ ಬದಿಯ ಗಯಾರಿಯಲ್ಲಿ ಪಾಕಿಸ್ತಾನಿ ಶಿಬಿರದ 140 ಮಂದಿ ಇದೇ ರೀತಿ ಸತ್ತಿದ್ದರು. ಸಿಯಾಚಿನ್‌ನಲ್ಲಿ ಎರಡೂ ಸೇನೆಗಳು ಗುಂಡಿಗಿಂತ ಹೆಚ್ಚು ಜನರನ್ನು ಕಳೆದುಕೊಂಡಿರುವುದು ಹಿಮಕ್ಕೆ, ಚಳಿಗೆ.

ಪತ್ರಿಕೆಯವರಾದ ನಾವೆಲ್ಲ ಪವಾಡದ ಬಗ್ಗೆ ಪುಟಗಟ್ಟಲೆ ಬರೆದೆವು. ಹಿಮ ಏಕೆ ಜಾರುತ್ತದೆ ಎಂದು ಬರೆದದ್ದು ಕಡಿಮೆ.

ಹಿಮದ ದಾರಿಯ ಹಳೆಯ ದಾಖಲೆಗಳಲ್ಲಿ ಬಾಬರನ ಆತ್ಮಕಥೆ ನಮಗೆ ಬಹಳ ಪ್ರಿಯವಾದುದು. 1506-07ರ ಚಳಿಗಾಲದಲ್ಲಿ ಅವನು ಹೆರಾತ್‌ನಿಂದ ಕಾಬೂಲಿಗೆ ಮರಳಬೇಕಿತ್ತು. ಕಂದಹಾರದ ದಾರಿ ಸುಲಭವೆಂದು ಅವನಿಗೆ ಗೊತ್ತಿತ್ತು. ಆ ದಾರಿ ದೂರವೆಂದು ಖಾಸಿಂ ಬೇಗ್ ಹಟ ಹಿಡಿದ. ದಂಡು ಬೆಟ್ಟ ಹತ್ತಿತು. ಹಿಮದ ಆಳಕ್ಕೆ ದಾರಿ ತೋರುವವನೇ ದಾರಿ ತಪ್ಪಿದ. ಸುಮಾರು ಒಂದು ವಾರ ಬಾಬರ್ ಹತ್ತು ಹದಿನೈದು ಜನರೊಂದಿಗೆ ಕುದುರೆಯಿಂದಿಳಿದು ಹಿಮ ತುಳಿದ. ಒಬ್ಬ ಎದೆಮಟ್ಟ ಹೂತು ಏಳೆಂಟು ಗಜ ಸಾಗಿ ಸುಸ್ತಾದರೆ ಇನ್ನೊಬ್ಬ ಮುಂದೆ ಬರುತ್ತಿದ್ದ. (ಖಾಸಿಂ ಬೇಗನೂ ತುಳಿಯುವವರಲ್ಲಿದ್ದ ಎಂಬುದನ್ನು ನ್ಯಾಯವಾಗಿ ಹೇಳಬೇಕು.) ಒಂದು ರಾತ್ರಿ ಬಿರುಗಾಳಿಯಲ್ಲಿ ಗುಹೆಯೊಂದು ಸಿಕ್ಕಿತು. ಜೊತೆಗಾರರು ಹೊರಗೆ ಹಿಮದಲ್ಲಿರುವಾಗ ತಾನು ಒಳಗೆ ಬೆಚ್ಚಗೆ ಮಲಗಲು ಇಪ್ಪತ್ನಾಲ್ಕು ದಾಟದ ಆ ದೊರೆಗೆ ಮನಸ್ಸಾಗಲಿಲ್ಲ. ಗುಹೆಯ ಬಾಯಲ್ಲಿ ಜಾನಮಾಜಿನಷ್ಟು ಜಾಗ ಅಗೆದುಕೊಂಡು ಇಶಾ ನಮಾಜಿನ ಹೊತ್ತಿನವರೆಗೂ ಕೂತ. ಬೆನ್ನ ಮೇಲೆ ಹಿಮ ಗೇಣುಗಟ್ಟಲೆ ಕೂಡಿತು. ಒಳಗೆ ಎಲ್ಲರಿಗೂ ಜಾಗವಿದೆ ಎಂದು ತಿಳಿದ ಮೇಲೆಯೇ ಒಳಹೊಕ್ಕ.

ಆ ಒಡನಾಡಿತನವನ್ನು ನಾವು ಮೆಚ್ಚುತ್ತೇವೆ. ಆದರೆ ತಪ್ಪು ನಡೆದದ್ದು ಹಿಮಕ್ಕೆ ಕಾಲಿಡುವ ಮೊದಲು, ಸಮಾಲೋಚನೆಯಲ್ಲಿ.

ಹಿಮಕುಸಿತವನ್ನು ನಮ್ಮವರಿಗೆ ಕಣದಲ್ಲಿಯೇ ತೋರಿಸಬಹುದು. ಜೋಳದ ರಾಶಿಗೆ ಒಂದು ಮಟ್ಟದವರೆಗೆ ಇಳಿಜಾರು ನಿಲ್ಲುತ್ತದೆ; ಅದಕ್ಕಿಂತ ಕಡಿದಾದರೆ ಕಾಳು ಜಾರುತ್ತದೆ. ಹಿಮ ಇದಕ್ಕಿಂತ ಕಪಟಿ. ಅದು ಪದರ ಪದರವಾಗಿ ಕೂಡುತ್ತದೆ. ಕೆಳಗೆ ಸಕ್ಕರೆಯಂಥ ಸಡಿಲ ಪದರವಿದ್ದು ಮೇಲೆ ಗಾಳಿ ತಂದ ಹೊಸ ಹಿಮ ಬಿಗಿದರೆ, ಒಬ್ಬ ಮನುಷ್ಯನ ಭಾರಕ್ಕೇ ಇಡೀ ಹಲಗೆ ಕಳಚಿಕೊಳ್ಳುತ್ತದೆ. ಹೆಚ್ಚಿನ ಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ಕಾಲಡಿ 'ಧಪ್' ಎಂದರೆ, ಬಿರುಕು ಓಡಿದರೆ, ಹಿಂದಿರುಗಬೇಕು. ದೊಡ್ಡ ಹಿಮ ಬಿದ್ದ ಮೇಲೆ ಒಂದೆರಡು ದಿನ ಕಾಯಬೇಕು. ಅಪಾಯದ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟಬೇಕು, ಉಳಿದವರು ಸುರಕ್ಷಿತ ಜಾಗದಿಂದ ನೋಡುತ್ತಿರಬೇಕು. ಪ್ರತಿಯೊಬ್ಬರಲ್ಲೂ ಸಂಕೇತ ಕಳಿಸುವ ಯಂತ್ರ, ಹುಡುಕುವ ಉದ್ದನೆಯ ಸಲಾಕೆ, ಸಲಿಕೆ ಇರಬೇಕು. ಏಕೆಂದರೆ ಹೂತವರ ಬದುಕುವ ಆಸೆ ಮೊದಲ ಹತ್ತು ಹದಿನೈದು ನಿಮಿಷಗಳದ್ದು. ಆರು ದಿನ ಉಸಿರು ಹಿಡಿದ ಹನುಮಂತಪ್ಪ ಅಪವಾದ.

ಭಾರತದಲ್ಲಿ ಈ ವಿದ್ಯೆಗೆ ನೆಲೆಯಿಲ್ಲದಿಲ್ಲ. ಮನಾಲಿಯಲ್ಲಿ 1969ರಲ್ಲಿ ಹುಟ್ಟಿದ ಹಿಮ ಅಧ್ಯಯನ ಸಂಸ್ಥೆ 2020ರಲ್ಲಿ ರಕ್ಷಣಾ ಇಲಾಖೆಯ ಇನ್ನೊಂದು ಪ್ರಯೋಗಾಲಯದೊಂದಿಗೆ ವಿಲೀನವಾಯಿತು. ಹಿಮಕುಸಿತದ ಮುನ್ಸೂಚನೆ ಅದರ ಕೆಲಸ. ಈಗ ಬೆಟ್ಟಕ್ಕೆ ಹೋಗುವವರು ಸೈನಿಕರಷ್ಟೇ ಅಲ್ಲ. 2024ರ ಜೂನಿನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ ಕರ್ನಾಟಕದ ತಂಡದ ಒಂಬತ್ತು ಮಂದಿ ಮಡಿದರು. ಅದು ಕುಸಿತವಲ್ಲ, ಹಿಮಗಾಳಿ.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ಹಳ್ಳಿಗಳಿಗೆ ನುಗ್ಗಿದ್ದು ನಮಗೆ ನೆನಪಿದೆ. ನದಿದಂಡೆಯ ಹಿರಿಯರು ನೀರಿನ ಬಣ್ಣ ನೋಡಿಯೇ ಇಂದು ದಾಟಬಾರದೆನ್ನುತ್ತಾರೆ. ಗುಡ್ಡಗಾಡಿನವರಿಗೂ ಅಂಥದೇ ಕಣ್ಣಿದೆ. ಅವರು 'ಇವತ್ತು ಬೇಡ' ಎಂದಾಗ ರಜೆ ಮುಗಿಯುತ್ತದೆ, ರೈಲಿನ ಟಿಕೆಟ್ಟು ಆಗಿದೆ ಎಂದು ಹಟ ಹಿಡಿಯುವವರು ನಾವು. ಖಾಸಿಂ ಬೇಗನ ವಾದವೂ ಹೆಚ್ಚುಕಡಿಮೆ ಅದೇ ಆಗಿತ್ತು.