ಬಟ್ಟೆಯ ಮೇಲಿನ ಅಕ್ಷರವೂ ಅದರ ಸುತ್ತಲಿನ ಬಯಲೂ

ನವೆಂಬರ್ ತಿಂಗಳು ಹತ್ತಿರವಾದೊಡನೆ ಹೊರನಾಡಿನ ಕನ್ನಡ ಮನೆಗಳಲ್ಲಿ ಹಳದಿ ಟೀ ಶರ್ಟುಗಳು ಕಾಣಿಸಿಕೊಳ್ಳುತ್ತವೆ. ಎದೆಯ ಮೇಲೆ ಕೆಂಪು ಅಕ್ಷರ. ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿಕೊಟ್ಟ ಬಾವುಟದ ಬಣ್ಣಗಳೇ ಹೀಗೆ ಅಂಗಿಗೆ ಇಳಿದಿವೆ. ಆದರೆ ಎಷ್ಟೋ ಅಂಗಿಗಳಲ್ಲಿ ಅಕ್ಷರದ ಸುತ್ತ ಒಂದು ಬಿಳಿಯ ಚೌಕ ಅಂಟಿಕೊಂಡಿರುತ್ತದೆ, ಔಷಧಿ ಬಾಟಲಿಗೆ ಚೀಟಿ ಅಂಟಿಸಿದ ಹಾಗೆ. ಚೌಕ ತಪ್ಪಿದರೂ ‘ರ’ಕಾರದ ಹೊಟ್ಟೆ ಬೆಳ್ಳಗಿರುತ್ತದೆ, ಇಲ್ಲವೆ ಒತ್ತಕ್ಷರ ಕಳಚಿಕೊಂಡು ಪಕ್ಕಕ್ಕೆ ನಿಂತಿರುತ್ತದೆ. ಇದನ್ನು ಅಲ್ಪ ವಿಷಯವೆಂದು ತಳ್ಳಿಹಾಕಲು ನಮಗೆ ಮನಸ್ಸು ಬಾರದು. ಅಣ್ಣಾ ನಗರದಂಥ ಬಡಾವಣೆಯಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲಿ ಹಲವರಿಗೆ ಶಾಲೆಯಲ್ಲಿ ಕನ್ನಡವಿಲ್ಲ. ವರ್ಷಕ್ಕೊಮ್ಮೆ ತೊಡುವ ಆ ಅಂಗಿಯೇ ಅವರಿಗೆ ಕನ್ನಡ ಲಿಪಿಯ ಪಾಠ. ಆ ಪಾಠದಲ್ಲೇ ಅಕ್ಷರ ತಪ್ಪಿದರೆ ತಿದ್ದುವವರು ಯಾರು?

ಅಕ್ಷರ ಬಟ್ಟೆಯ ಮೇಲೆ ಬಂದ ಬಗೆಯನ್ನು ಹುಡುಕುತ್ತ ಹೋದರೆ, ಆ ಚರಿತ್ರೆಯ ಮೊದಲ ಭಾಗ ನಾವು ಬಂದು ನೆಲೆಸಿರುವ ಈ ಊರಿನದೇ ಎಂಬುದು ತಿಳಿಯುತ್ತದೆ. ಮದರಾಸು ಹುಟ್ಟಿದ್ದೇ ಬಟ್ಟೆಗಾಗಿ. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಡೇ ಈ ಮರಳು ದಂಡೆಯನ್ನು ಆರಿಸಿಕೊಂಡಾಗ, ಇಲ್ಲಿಗೆ ಒಳ್ಳೆಯ ಬಂದರೇನೂ ಇರಲಿಲ್ಲ. ಇಲ್ಲಿ ಬಟ್ಟೆ ಬೇರೆಡೆಗಿಂತ ಶೇಕಡಾ 20ರಷ್ಟು ಅಗ್ಗವೆಂಬುದೇ ಅವನು ಮೇಲಿನವರಿಗೆ ಕೊಟ್ಟ ಮುಖ್ಯ ಕಾರಣ. ಮುಂದೆ 1734ರಲ್ಲಿ ಕಂಪನಿಯವರು ನೇಯುವವರನ್ನೂ ನೂಲುವವರನ್ನೂ ಬಣ್ಣ ಬರೆಯುವವರನ್ನೂ ಕರೆತಂದು ಕೂವಂ ನದಿಯ ತಿರುವಿನಲ್ಲಿ ಒಂದು ಪೇಟೆಯನ್ನೇ ಕಟ್ಟಿದರು. ‘ಚಿನ್ನ ತರಿ ಪೇಟೆ’, ಅಂದರೆ ಸಣ್ಣ ಮಗ್ಗಗಳ ಪೇಟೆ. ಅದೇ ಇಂದಿನ ಚಿಂತಾದ್ರಿಪೇಟೆ.

ಈ ಕರಾವಳಿಯ ಬಣ್ಣಗಾರರ ಕೆಲಸವನ್ನು ರಸಾಯನಶಾಸ್ತ್ರ ಓದಿದವರು ಗಮನಿಸಿ ನೋಡಬೇಕು. ಬಟ್ಟೆಯನ್ನು ಮೊದಲು ಅಳಲೆಕಾಯಿ ಮತ್ತು ಹಾಲಿನಲ್ಲಿ ಅದ್ದಿ ಒಣಗಿಸುವರು. ಹಾಲಿನ ಜಿಡ್ಡಿನಿಂದಾಗಿ ಬರೆದ ಗೆರೆ ಹರಡದೆ ನಿಲ್ಲುತ್ತದೆ. ಬೆಲ್ಲದ ನೀರಿನಲ್ಲಿ ಕಬ್ಬಿಣವನ್ನು ಕೊಳೆಹಾಕಿ ತೆಗೆದ ರಸದಿಂದ ಕಪ್ಪು ಗೆರೆ. ಕೆಂಪು ಬೇಕಾದಲ್ಲಿ ಬರೆಯುವುದು ಕೆಂಪನ್ನಲ್ಲ, ಪಟಿಕದ ನೀರನ್ನು! ಆಮೇಲೆ ಇಡೀ ಬಟ್ಟೆಯನ್ನು ಚಾಯ ಬೇರಿನ ಬಣ್ಣದಲ್ಲಿ ಕುದಿಸಿದರೆ, ಪಟಿಕ ಬಿದ್ದಲ್ಲಿ ಮಾತ್ರ ಕೆಂಪು ಕಚ್ಚಿ ನಿಲ್ಲುತ್ತದೆ. ಉಳಿದ ಕಡೆಯದು ತೊಳೆದು ಬಿಸಿಲಿಗೆ ಹರವಿದಾಗ ಬಿಟ್ಟುಹೋಗುತ್ತದೆ. ನೀಲಿಯ ಕ್ರಮ ಇದಕ್ಕೆ ವಿರುದ್ಧ. ನೀಲಿ ಬೇಡವಾದ ಜಾಗಕ್ಕೆಲ್ಲ ಮೇಣ ಬಳಿದು ಬಟ್ಟೆಯನ್ನು ನೀಲಿಯ ತೊಟ್ಟಿಗೆ ಇಳಿಸುವರು. ಈ ಕುಶಲಕರ್ಮಿ ಬಿಳಿಯನ್ನು ಎಂದೂ ಬಳಿಯುತ್ತಿರಲಿಲ್ಲ. ಬಿಳಿ ಎಂದರೆ ಅವನು ಮುಟ್ಟದೆ ಬಿಟ್ಟ ಬಟ್ಟೆ. ಇಂದು ಕಂಪ್ಯೂಟರಿನವರು ‘ಪಾರದರ್ಶಕ ಹಿನ್ನೆಲೆ’ ಎಂದು ಹೇಳುವುದು ಇದನ್ನೇ.

ಈ ಬಟ್ಟೆಗೆ ಇಂಗ್ಲೆಂಡಿನ ಹೆಂಗಸರು ಎಷ್ಟು ಮರುಳಾದರೆಂದರೆ, ಅಲ್ಲಿನ ನೇಕಾರರ ಕೂಗಿಗೆ ಮಣಿದ ಪಾರ್ಲಿಮೆಂಟು 1700ರಲ್ಲಿ ಬಣ್ಣದ ಹತ್ತಿ ಬಟ್ಟೆಯ ಆಮದನ್ನು ನಿಷೇಧಿಸಿ, 1721ರಲ್ಲಿ ಕಾನೂನನ್ನು ಇನ್ನೂ ಬಿಗಿಮಾಡಿತು. ಅದು ಬೇರೆಯೇ ಕಥೆ.

ಕನ್ನಡ ಅಕ್ಷರ ಅಚ್ಚಿಗೆ ಇಳಿದದ್ದು ಬಹಳ ತಡವಾಗಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು. ಜಾನ್ ಮೆಕರೆಲ್ ಬರೆದ ವ್ಯಾಕರಣ 1820ರಲ್ಲಿ ಇದೇ ಮದರಾಸಿನ ಕಾಲೇಜು ಮುದ್ರಣಾಲಯದಲ್ಲಿ ಹೊರಬಂದಿತು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಬರೆದದ್ದೆಲ್ಲ ಇಡಿಯಾಗಿ ಒಂದು ಚಿತ್ರದಂತೆ ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತಿತ್ತು. ಇವೆಲ್ಲ ಬಿಳಿಯ ಕಾಗದದ ಮೇಲಿನ ಕೆಲಸಗಳಾದ್ದರಿಂದ ಅಕ್ಷರದ ಸುತ್ತಲಿನ ಬಯಲು ಯಾರಿಗೂ ತೊಂದರೆ ಕೊಡಲಿಲ್ಲ.

ಅಚ್ಚು ಬಣ್ಣದ ಬಟ್ಟೆಗೆ ಹೋದಾಗ ತೊಂದರೆ ಶುರುವಾಯಿತು. ತಗಡಿನಲ್ಲಿ ಅಕ್ಷರ ಕೊರೆದು ಮೇಲೆ ಬಣ್ಣ ಬಳಿಯುವುದನ್ನು ಎಲ್ಲರೂ ಕಂಡಿದ್ದೇವೆ. ಗೋಣಿಚೀಲ, ಟ್ರಂಕು, ಲಾರಿಯ ಹಿಂಬದಿಗಳಲ್ಲಿ ಅದೇ ಬರವಣಿಗೆ. ಇಂಗ್ಲಿಷಿನ ‘ಎಲ್’ ಅಥವಾ ‘ಟಿ’ ಕೊರೆಯುವುದು ಸುಲಭ. ನಮ್ಮ ‘ಠ’ವನ್ನು ಕೊರೆದು ನೋಡಿ. ದುಂಡನೆಯ ಗೆರೆಯನ್ನು ಸುತ್ತಲೂ ಕತ್ತರಿಸಿದೊಡನೆ ಒಳಗಿನ ತುಂಡು ಕಳಚಿ ನೆಲಕ್ಕೆ ಬೀಳುತ್ತದೆ, ನಡುವಿನ ಚುಕ್ಕೆಯೂ ಅದರೊಡನೆ ಮಾಯ. ಚುಕ್ಕೆ ಹೋದ ಮೇಲೆ ‘ಠ’ ‘ರ’ವಾಗುತ್ತದೆ, ‘ಥ’ ‘ಧ’ವಾಗುತ್ತದೆ, ಮಠ ಮರವಾಗಲು ಅಷ್ಟೇ ಸಾಕು! ಸರ್ಕಾರಿ ಕಚೇರಿಗಳಲ್ಲಿ ಸೈಕ್ಲೋಸ್ಟೈಲ್ ಇದ್ದ ಕಾಲದಲ್ಲೂ ಬೆರಳಚ್ಚುಗಾರ ಜೋರಾಗಿ ಕುಟ್ಟಿದರೆ ಮೇಣದ ಹಾಳೆಯಿಂದ ಇಂಗ್ಲಿಷಿನ ‘ಓ’ ಅಕ್ಷರದ ಹೊಟ್ಟೆ ಉದುರುತ್ತಿತ್ತೆಂದು ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ.

ಇದಕ್ಕೆ ಜಪಾನೀಯರು ಒಂದು ಉಪಾಯ ಕಂಡುಕೊಂಡಿದ್ದರು. ಕಾಗದದ ಅಚ್ಚಿನಲ್ಲಿ ಕಳಚಿ ಬೀಳುವ ತುಂಡುಗಳನ್ನು ತೆಳುವಾದ ರೇಷ್ಮೆ ಎಳೆಗಳಿಂದ ಹಿಡಿದು ನಿಲ್ಲಿಸುತ್ತಿದ್ದರು. ಎಳೆ ಅಷ್ಟು ನವಿರಾಗಿದ್ದುದರಿಂದ ಬಣ್ಣ ಅದರ ಸುತ್ತ ಹರಿದು ಕೂಡಿಕೊಳ್ಳುತ್ತಿತ್ತು. 1907ರಲ್ಲಿ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ರೇಷ್ಮೆಯ ಜಾಲರಿಯ ಮೂಲಕ ಮುದ್ರಿಸುವ ಕ್ರಮಕ್ಕೆ ಪೇಟೆಂಟ್ ಪಡೆದನು. ಅದೇ ಇಂದಿನ ಸ್ಕ್ರೀನ್ ಪ್ರಿಂಟಿಂಗ್. ಚೌಕಟ್ಟಿಗೆ ಬಿಗಿದ ಜಾಲರಿಯ ಮೇಲೆ ‘ಠ’ದ ಚುಕ್ಕೆ ಯಾವ ಆಸರೆಯೂ ಇಲ್ಲದೆ ತನ್ನ ಜಾಗದಲ್ಲೇ ನಿಲ್ಲುತ್ತದೆ. ಕನ್ನಡದಂಥ ದುಂಡು ಲಿಪಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದು ಯಂತ್ರದಿಂದ ಆಗಿಲ್ಲವೆಂದು ನಮ್ಮ ಅಭಿಪ್ರಾಯ.

ಮುಂದೆ ಜಾಲರಿಯ ಮೇಲೆ ಬೆಳಕಿಗೆ ಗಟ್ಟಿಯಾಗುವ ಲೇಪವನ್ನು ಬಳಿಯುವ ಕ್ರಮ ಬಂದಿತು. ಬೈಕ್ರೋಮೇಟ್ ಬೆರೆತ ಅಂಟು ಬೆಳಕು ಬಿದ್ದಲ್ಲಿ ನೀರಿಗೆ ಕರಗದಂತಾಗುತ್ತದೆ. ಅದರ ಮೇಲೆ ಪಾರದರ್ಶಕ ಫಿಲ್ಮನ್ನಿಟ್ಟು ಬೆಳಕು ಹಾಯಿಸಿದರೆ, ಕಪ್ಪು ಅಕ್ಷರದ ನೆರಳಿನಲ್ಲಿದ್ದ ಲೇಪ ನೀರಿನಲ್ಲಿ ತೊಳೆದುಹೋಗಿ ಬಣ್ಣಕ್ಕೆ ದಾರಿಯಾಗುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಜಾಲರಿ. ಫಿಲ್ಮಿನ ಮೇಲೆ ಅಕ್ಷರವಿಲ್ಲದ ಜಾಗ ಗಾಜಿನಂತೆ ತಿಳಿಯಾಗಿಯೇ ಇರಬೇಕು. ಹಾಗಾಗಿ ಪಾರದರ್ಶಕತೆ ಎಂಬುದು ಕಂಪ್ಯೂಟರು ಬರುವ ಮೊದಲೇ ಈ ಕಸುಬಿನ ಕಟ್ಟಳೆಯಾಗಿತ್ತು.

ಕಂಪ್ಯೂಟರಿನವರಿಗೆ ಖಾಲಿ ಜಾಗದ ಕಲ್ಪನೆ ನಿಧಾನವಾಗಿ ಬಂದಿತು. ಅದರ ತೆರೆಯ ಮೇಲಿನ ಪ್ರತಿ ಚುಕ್ಕೆಗೂ ಒಂದು ಬಣ್ಣ ಇರಲೇಬೇಕು. ಏನೂ ಇಲ್ಲ ಎನ್ನುವುದನ್ನು ಹೇಳುವುದು ಹೇಗೆ? 1977ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಎಡ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್ ಅವರು ಕೆಂಪು, ಹಸಿರು, ನೀಲಿಗಳ ಜೊತೆಗೆ ನಾಲ್ಕನೆಯ ಅಂಕಿಯೊಂದನ್ನು ಸೇರಿಸಿ, ಆ ಚುಕ್ಕೆ ಎಷ್ಟು ಪಾರದರ್ಶಕವೆಂಬುದನ್ನು ಅದರಲ್ಲಿ ಬರೆದಿಟ್ಟರು. ಅದಕ್ಕೆ ‘ಆಲ್ಫಾ’ ಎಂದು ಹೆಸರು. 1996ರಲ್ಲಿ ಬಂದ ಪಿಎನ್‌ಜಿ ಕಡತಕ್ಕೆ ಈ ಶಕ್ತಿಯುಂಟು, ಛಾಯಾಚಿತ್ರಗಳಿಗೆ ಬಳಸುವ ಜೆಪೆಗ್ ಕಡತಕ್ಕೆ ಇಲ್ಲ. ಜೆಪೆಗ್ ಮಾಡಿದರೆ ಬಯಲೆಲ್ಲ ಸಾಮಾನ್ಯವಾಗಿ ಬಿಳಿಯಾಗಿ ತುಂಬಿಕೊಳ್ಳುತ್ತದೆ. ನಮ್ಮ ಹಳದಿ ಅಂಗಿಯ ಬಿಳಿ ಚೌಕದ ಜನ್ಮಸ್ಥಾನ ಇದೇ.

ವೆಕ್ಟರ್ ಚಿತ್ರದ ದಾರಿ ಬೇರೆ. ಅಲ್ಲಿ ಚುಕ್ಕೆಗಳಿಲ್ಲ, ಗೆರೆ ಎಲ್ಲಿಂದ ಹೊರಟು ಹೇಗೆ ಬಾಗಿ ಎಲ್ಲಿ ಸೇರುತ್ತದೆಂಬ ಲೆಕ್ಕ ಮಾತ್ರ. ಫ್ರಾನ್ಸಿನ ರೆನೋ ಕಾರ್ಖಾನೆಯಲ್ಲಿ ಕಾರಿನ ಮೈಯನ್ನು ರೂಪಿಸಲು ಪಿಯೆರ್ ಬೆಝಿಯೆ ಬಳಕೆಗೆ ತಂದ ವಕ್ರರೇಖೆಗಳೇ 1984ರ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯ ಮೂಲಕ ಅಕ್ಷರಗಳಿಗೂ ಬಂದವು. ಹೀಗೆ ಬರೆದ ‘ಅ’ವನ್ನು ಜೇಬಿನ ಮೇಲೆ ಒಂದು ಅಂಗುಲಕ್ಕೂ ಬೆನ್ನಿನ ಮೇಲೆ ಒಂದು ಅಡಿಗೂ ಹಿಗ್ಗಿಸಬಹುದು, ಅಂಚು ಕೆಡುವುದಿಲ್ಲ.

ಕನ್ನಡಕ್ಕೆ ಮಾತ್ರ ಇಲ್ಲೂ ಒಂದು ಕಂಟಕವಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಅಕ್ಷರ ವಿನ್ಯಾಸಗಳಲ್ಲಿ ಒಂದು ಅಕ್ಷರವನ್ನು ಎರಡು ಮೂರು ತುಂಡುಗಳಿಂದ ಜೋಡಿಸುತ್ತಾರೆ. ತುಂಡುಗಳು ಸ್ವಲ್ಪ ಒಂದರ ಮೇಲೊಂದು ಏರಿರುತ್ತವೆ. ಗೆರೆಗಳಾಗಿ ಬದಲಿಸಿ ‘ಕಂಬೈನ್’ ಎಂದು ಒತ್ತಿದರೆ ಏರಿಕೊಂಡ ಜಾಗವೆಲ್ಲ ತೂತಾಗುತ್ತದೆ. ‘ವೆಲ್ಡ್’ ಎಂದು ಬೆಸೆಯಬೇಕು. ಗೆರೆಗಳಾಗಿ ಬದಲಿಸದೆ ಹಾಗೇ ಕೊಟ್ಟರೆ ಮುದ್ರಕನ ಯಂತ್ರದಲ್ಲಿ ಆ ವಿನ್ಯಾಸವಿಲ್ಲದೆ ‘ರಾಜ್ಯೋತ್ಸವ’ದ ಒತ್ತುಗಳು ದಿಕ್ಕಾಪಾಲಾಗುತ್ತವೆ. ಇಲ್ಲಿನ ಮುದ್ರಕ ತಮಿಳಿನವನು, ಕೆಲಸದಲ್ಲಿ ನಿಪುಣ. ಆದರೆ ಕನ್ನಡ ಓದಲು ಬಾರದವನು ನಮ್ಮ ಯಕಾರದ ಒತ್ತು ತಪ್ಪಿದ್ದನ್ನು ಗುರುತಿಸಲಿ ಎನ್ನುವುದು ನ್ಯಾಯವಲ್ಲ.

ಅಣ್ಣಾ ನಗರದ ಉದ್ಯಾನದ ಗೋಪುರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1968ರ ಜಾಗತಿಕ ವ್ಯಾಪಾರ ಮೇಳಕ್ಕೆಂದು ಕಟ್ಟಿದ, 135 ಅಡಿ ಎತ್ತರದ ಆ ಗೋಪುರಕ್ಕೆ ನಮ್ಮ ವಿಶ್ವೇಶ್ವರಯ್ಯನವರ ಹೆಸರಿದೆ ಎಂಬುದು ಇಲ್ಲಿನ ಕನ್ನಡಿಗರಲ್ಲೇ ಎಷ್ಟೋ ಜನಕ್ಕೆ ತಿಳಿಯದು. ಅದರ ರೇಖಾಚಿತ್ರದ ಕೆಳಗೆ ಅವರ ಹೆಸರನ್ನು ಕನ್ನಡದಲ್ಲಿ ಬರೆದು ಮಕ್ಕಳ ಅಂಗಿಗೆ ಹಾಕಿಸುವುದಾದರೆ, ಗೋಪುರದ ಅಂತಸ್ತುಗಳ ನಡುವಿನ ಕಿಂಡಿಗಳೂ ‘ರ’ದ ಹೊಟ್ಟೆಯೂ ನಿಜವಾದ ತೂತುಗಳಾಗಿರಬೇಕು, ಬಿಳಿ ಬಳಿದವಾಗಬಾರದು. ಇದನ್ನು ಪರೀಕ್ಷಿಸಲು ಚಿತ್ರದ ಹಿಂದೆ ಗಾಢ ಹಸಿರಿನ ಒಂದು ಚೌಕವನ್ನಿಟ್ಟು ನೋಡಿದರೆ ಸಾಕು, ಉಳಿದ ಬಿಳಿಯೆಲ್ಲ ಹೊರಬೀಳುತ್ತದೆ. ಈಗ ಬಳಕೆಗೆ ಬಂದಿರುವ, ಫಿಲ್ಮಿನ ಮೇಲೆ ಮುದ್ರಿಸಿ ಬಿಸಿಯೊತ್ತುವ ಡಿಟಿಎಫ್ ಕ್ರಮದಲ್ಲಂತೂ ಬಣ್ಣದ ಅಡಿಗೆ ಬಿಳಿ ಶಾಯಿಯ ಪದರವೊಂದು ಬೀಳುವುದರಿಂದ, ಅಕ್ಷರಕ್ಕೆ ಮಸುಕು ನೆರಳು ಹಾಕಿದರೆ ಅಂಚಿನಲ್ಲಿ ಬಿಳಿ ಕಲೆಗಳು ಕಾಣುತ್ತವೆ.

ಮುದ್ರಕನಿಗೆ ಪಿಡಿಎಫ್ ಇಲ್ಲವೆ ಎಸ್‌ವಿಜಿ ಕಡತವನ್ನು ಕೊಡುವುದು ಉತ್ತಮ. ಪಿಎನ್‌ಜಿಯನ್ನೇ ಕೇಳಿದರೆ 300 ಡಿಪಿಐನಲ್ಲಿ ನಿಜವಾದ ಅಳತೆಗೆ ಕೊಡಬೇಕು. 12 ಅಂಗುಲದ ಅಗಲಕ್ಕೆ 3600 ಚುಕ್ಕೆಗಳು. ವಾಟ್ಸಾಪಿನಲ್ಲಿ ಫೋಟೋ ಎಂದು ಕಳುಹಿಸಿದರೆ ಅದು ಜೆಪೆಗ್ ಆಗಿ ಬಯಲು ಬಿಳಿಯಾಗುವುದರಿಂದ, ಡಾಕ್ಯುಮೆಂಟ್ ಎಂದೇ ಕಳುಹಿಸಬೇಕು. ಜೊತೆಗೆ, ಸರಿಯಾಗಿ ಅಚ್ಚಾದ ಕಾಗದದ ಪ್ರತಿಯೊಂದನ್ನು ಅವನ ಕೈಗೇ ಕೊಟ್ಟು, ಮೊದಲ ಅಂಗಿ ಒಣಗುವ ತನಕ ಅಲ್ಲೇ ನಿಂತು, ಒತ್ತುಗಳನ್ನೂ ಚುಕ್ಕೆಗಳನ್ನೂ ಓದಿ ನೋಡಿ, ಆಮೇಲೆ ಉಳಿದ ಅಂಗಿಗಳಿಗೆ ಒಪ್ಪಿಗೆ ಹೇಳಬಹುದು.